ಹಾವಿಲ್ಲದ ಊರಿನ ಹಬ್ಬ

ಊನಾ ಅಂತ ಅವಳ ಹೆಸರು.
ಊನ ಅಂದರೆ ನಮ್ಮಲ್ಲಿ ಕೊರತೆ ಕಣೆ, ಅಂದೆ.
ಹಲ್ಲೆಲ್ಲ ತೋರಿಸಿ ನಕ್ಕಳು, ಮುರುಕು ಕನ್ನಡದಲ್ಲಿ:
"ಸರಿಯೇ ಇದೆ. ನನ್ನ ಪಿಟೀಲಿಗೆ ಒಂದು ತಂತಿ ಊನ."

ಕುಡ್ಲೆ ದಂಡೆಯ ನನ್ನ ಚಪ್ಪರದಡಿ ಎರಡು ತಿಂಗಳಿಂದ
ಅವಲಕ್ಕಿ ತಿಂದು, ಲೆಕ್ಕ ಬರೆಸಿ, ಉಳಿದವಳು.
ಮಾರ್ಚ್ ಹದಿನೇಳಕ್ಕೆ ಅವಳ ಐರ್ಲೆಂಡಿನ ಹಬ್ಬವಂತೆ,
ಎಲ್ಲ ಹಸಿರಾಗಬೇಕಂತೆ, ಅಂಗಿ, ತೋರಣ, ಊಟ.
ಬಂಗಡೆಗೆ ಕೊತ್ತಂಬರಿ ಅರೆದು ಮೆತ್ತಿದೆ,
ಬಸಳೆ ಬೇಯಿಸಿದೆ.
ಕಡಲಿಗೆ ಮಾತ್ರ ನಾನೇನೂ ಮಾಡಲಾಗಲಿಲ್ಲ,
ಸಂಜೆಗೆ ಅದು ತನ್ನಷ್ಟಕ್ಕೆ ತಾಮ್ರವಾಯಿತು.

ಮೂರೆಲೆಯದೊಂದು ಸೊಪ್ಪು ಬೇಕು ಎಂದಳು.
ಪಾತ್ರೆ ತೊಳೆಯುವ ತೇಕು ಓಡಿಹೋಗಿ ಬಿಲ್ವ ತಂದ.
"ಅಲ್ಲ, ನೆಲದಲ್ಲಿ ಹಬ್ಬುವುದು, ಪುಟ್ಟದು."
ಬಾವಿಕಟ್ಟೆಯ ಸಂದಿಯಿಂದ ಹುಳಿಸೊಪ್ಪು ಕಿತ್ತುಕೊಟ್ಟೆ.
ಒಂದೆಲೆ ಅಗಿದಳು. ಸುಮ್ಮನಾದಳು.
ಕಣ್ಣು ಒದ್ದೆಯಾದದ್ದು ಹುಳಿಗೇ ಇರಬೇಕು.

ಆ ದಿನದ ಸಂತ ಊರಿನ ಹಾವನ್ನೆಲ್ಲ ಕಡಲಿಗಟ್ಟಿದನಂತೆ.
ಅದನ್ನು ಹೇಳಿದ್ದೇ ತಡ, ಗುಮಟೆಯ ಬೊಮ್ಮುಗೌಡ
ಎಲೆಯಡಿಕೆ ಉಗಿದು ಎದ್ದು ನಿಂತ:
"ಹಾವೋಡಿಸಿದವನ ಹಬ್ಬಕ್ಕೆ ನಾ ಬಾರಿಸೂದಿಲ್ಲ ತಂಗಿ.
ನಾಳೆ ನಮ್ಮ ಗದ್ದೆಯ ಹುತ್ತಕ್ಕೆ ಯಾರು ಉತ್ತರ ಕೊಡ್ತ್ರು?
ಅದರ ಮೇಲೆ ಸುಗ್ಗಿ ಮುಗದು ತುರಾಯಿ ಬಿಚ್ಚಿಟ್ಟಾಗದೆ."

ಕಾರವಾರದ ಕಾಜೂಬಾಗಿನಿಂದ ಬಸ್ಸಿಳಿದು ಬಂದ
ಇನಾಸಣ್ಣನದು ಇನ್ನೊಂದು ತಕರಾರು.
ಇಗರ್ಜಿಯಲ್ಲಿ ನಲವತ್ತು ವರ್ಷ ಪಿಟೀಲು ಹಿಡಿದವನು,
ಗುಳಿಗೆ ಡಬ್ಬಿಯಲ್ಲಿ ತಂತಿ ಸುತ್ತಿ ತಂದಿದ್ದ.
"ತಂತಿ ಕೊಡ್ತೇನೆ. ನುಡಿಸುವುದಿಲ್ಲ.
ಈಸ್ಟರಿನ ತನಕ ಮಾಂಸವಿಲ್ಲ, ಮದುವೆಯಿಲ್ಲ, ಸಂಗೀತವಿಲ್ಲ."
"ನಮ್ಮಲ್ಲೂ ಉಪವಾಸವೇ," ಅಂದಳು ಊನಾ,
"ಈ ಒಂದು ದಿನ ದೇವರು ಆ ಕಡೆ ತಿರುಗಿರುತ್ತಾನೆ, ಅಜ್ಜಿ ಹೇಳುತ್ತಿದ್ದಳು."
"ನಿಮ್ಮವನ ಕುತ್ತಿಗೆ ತಿರುಗುತ್ತದೆ," ಅಂದ ಇನಾಸಣ್ಣ,
"ನಮ್ಮವನದು ಉಳುಕಿದೆ."

ಹಬ್ಬವೆಂದರೆ ಹೀಗೆ ನಾಲ್ಕು ಜನ,
ಹುರಿದ ಮೀನು, ಮುನಿಸು.

ಶ್ರುತಿ ಮಾಡುವುದು ಪಾಪವಲ್ಲವಲ್ಲ, ಎಂದು ಕೊನೆಗೆ
ಪಿಟೀಲನ್ನು ಗದ್ದಕ್ಕೊತ್ತಿಕೊಂಡ.
ಹೊಸ ತಂತಿ, ಕಡಲಗಾಳಿ. ಬಿಗಿದ, ಸಡಿಲಾಯಿತು.
ಬಿಗಿದ. ಕಮಾನು ಎಳೆದು ಕಣ್ಣು ಮುಚ್ಚಿದ.
ಒಂದೇ ಸ್ವರದ ಎದುರು ಅಷ್ಟು ಹೊತ್ತು ಕೂರುವವನನ್ನು
ಮೊದಲೊಮ್ಮೆ ಕಂಡಿದ್ದೆ:
ನನ್ನಪ್ಪ, ಹರಿದ ಬಲೆಯ ಒಂದೇ ಕಣ್ಣಿನ ಎದುರು.

ಊನಾ ಇಸಿದುಕೊಂಡಳು.
ಮೊದಲು ಏನೋ ನಿಧಾನದ್ದು, ಹಡಗು ಹತ್ತಿ ಹೋದವರದ್ದಂತೆ.
ಆಮೇಲೆ ಕಾಲು ತಟ್ಟಿ ತಕಿಟ ತಕಿಟ ತಕಿಟ,
ಅಕ್ಕಿ ಕೇರುವ ಲಯ, ನನ್ನ ಮೊಣಕೈಗೆ ಗೊತ್ತಿದ್ದದ್ದೇ.

ಬೊಮ್ಮುಗೌಡ ಬೆನ್ನು ಹಾಕಿ ಕೂತಿದ್ದ.
ಬೆನ್ನಿಗೂ ಕಿವಿಯಿರುತ್ತದೆ.
ಗುಮಟೆಯ ಚರ್ಮವನ್ನು ನನ್ನ ಒಲೆಗೆ ಹಿಡಿದ.
"ತಂಡಿ ಹಿಡದದೆ. ಕಾಸೂದು, ಅಷ್ಟೇ."
ಕಾದದ್ದನ್ನು ನೋಡಬೇಕಲ್ಲ, ಒಂದು ಬೆರಳು.
ಒಂದಿದ್ದದ್ದು ಐದಾಯಿತು.
ಮಡಕೆಯ ಬಾಯನ್ನು ಎಡಗೈಲಿ ಮುಚ್ಚಿ, ತೆರೆದು, ಮುಚ್ಚಿ,
ಒಳಗಿನ ಗಾಳಿಯನ್ನು ಮಾತಾಡಿಸಿದ.
ಅವಳು ಓಡಿದಳು, ಇವನು ಅಟ್ಟಿದ,
ಇವನು ನಿಂತಲ್ಲಿ ಅವಳು ತಿರುಗಿ ಬಂದಳು.
ಬೆನ್ನು ಮಾತ್ರ ಕೊನೆಯವರೆಗೂ ಬೆನ್ನಾಗೇ ಇತ್ತು.

ಇನಾಸಣ್ಣ ಕೈಕಟ್ಟಿ ಕೂತಿದ್ದ, ಮಾತು ತಪ್ಪಲಿಲ್ಲ.
ಅವನ ಬಲಗಾಲು ಮರಳಲ್ಲಿ
ಒಂದು ಗೇಣು ಕುಳಿ ತೋಡಿತ್ತು.

ಬೆಳಿಗ್ಗೆ ಲೆಕ್ಕ ಬರೆದೆ: ಬಂಗಡೆ ಎಂಟು, ಚಹಾ ಹನ್ನೊಂದು,
ತಂತಿ ಒಂದು. ಅದರ ಮುಂದೆ ಖಾಲಿ ಬಿಟ್ಟೆ.
ಅಷ್ಟರಲ್ಲಿ ಊನಾ ಬೆಂಚು ಹತ್ತಿ ಕೂಗಿದಳು.
ಸೌದೆ ರಾಶಿಯಿಂದ ಒಂದು ಕೇರೆಹಾವು,
ಬಾಡಿದ ಮೂರೆಲೆಗಳ ಮೇಲೆ ಹಾದು ಹೊರಟಿತ್ತು.
ಹೋಗು ಮಾರಾಯ, ಅಂದೆ,
ಹಬ್ಬ ನಿನ್ನೆಯೇ ಮುಗೀತು.
ಅದೇನೂ ಅವಸರ ಮಾಡಲಿಲ್ಲ.